ರೌನೊ ಮಾಡಿದ ಬಿರುಕು

ಔಲಿಸನ ಮನೆಯ ಹಸಿರು ಸಾಬ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಬಿರುಕಿತ್ತು, ಆ ಬಿರುಕಿಗೊಂದು ಹೆಸರೂ ಇತ್ತು. ರೇಡಿಯೊದ ಮೇಲಿನಿಂದ ಹೊರಟು ಬಲಗಡೆಯ ಗಾಳಿಕಿಂಡಿಯವರೆಗೆ ಒಂದು ಗೇಣುದ್ದ ಹರಿದಿದ್ದ ಅದನ್ನು ಮನೆಮಂದಿಯೆಲ್ಲ ‘ರೌನೊನ ಬಿರುಕು’ ಎಂದೇ ಕರೆಯುತ್ತಿದ್ದರು. ರೌನೊ ಔಲಿಸನ ಒಬ್ಬನೇ ಮಗ. ಒಂಬತ್ತು ವರ್ಷದವನಾಗಿದ್ದಾಗ, ಮಧ್ಯಬೇಸಿಗೆಯ ಹಬ್ಬದ ದಿನ, ಮರದ ಚೆಂಡು ಹೊಡೆಯುವ ಅಂಗಳದಾಟದ ಬಡಿಗೆಯಿಂದ ಹೊಡೆದು ಅದನ್ನು ಮಾಡಿದ್ದ. ಈಗ ಅವನಿಗೆ ನಲವತ್ತೇಳು. ಬಂದ ನೆಂಟರು ಬಿರುಕಿನ ಮೇಲೆ ಬೆರಳಾಡಿಸಿ, ರೌನೊನ ಮುಖ ನೋಡಿ ನಕ್ಕು, ಆಮೇಲೆ ಕಾಫಿಗೆ ಕೂರುವುದು ಆ ಮನೆಯ ಪದ್ಧತಿಯಾಗಿಹೋಗಿತ್ತು.

ಮಾರ್ಚ್ ತಿಂಗಳ ಒಂದು ಗುರುವಾರ ಎಲ್ಲರೂ ಊಟಕ್ಕೆ ಕೂತಿದ್ದರು. ಗುರುವಾರವೆಂದರೆ ಬಟಾಣಿ ಸಾರು, ಆಮೇಲೆ ಒಲೆಯಲ್ಲಿ ಬೇಯಿಸಿದ ದಪ್ಪ ದೋಸೆ, ಅದರ ಮೇಲೆ ಸ್ಟ್ರಾಬೆರಿ ಜಾಮು. ಔಲಿಸನ ಹೆಂಡತಿ ಹಿಲ್ಕಾ ಈ ಮನೆಗೆ ಬಂದಾಗಿನಿಂದ ಇದು ತಪ್ಪಿದ್ದಿಲ್ಲ. ರೌನೊನ ಹೆಂಡತಿ ಅವನನ್ನು ಬಿಟ್ಟು ತುರ್ಕು ಪಟ್ಟಣಕ್ಕೆ ಹೋದಮೇಲೆ ಅವನೂ ಮಗಳು ಸೈಮಿಯೂ ಇಲ್ಲೇ ಮೇಲಿನ ಕೋಣೆಗಳಲ್ಲಿದ್ದರು.

“ತಾತ, ಜೂನ್‌ನಲ್ಲಿ ಓದು ಮುಗೀತು ಅಂತ ನಂಗೆ ಬಿಳಿ ಟೋಪಿ ಹಾಕ್ತಾರಲ್ಲ, ಆವತ್ತು ಶಾಲೆಗೆ ಸಾಬ್‌ನಲ್ಲೇ ಹೋಗೋದು,” ಎಂದಳು ಸೈಮಿ.

“ಮೊದ್ಲು ಪರೀಕ್ಷೆ ಪಾಸಾಗು. ಟೋಪಿ ಆಮೇಲೆ.”

“ಪಾಸಾಗ್ತೀನಿ ಬಿಡು. ನೀನು ಓಡಿಸ್ಬೇಕು. ಅಜ್ಜಿ, ನಾನು ಇಬ್ರೂ ಹಿಂದೆ. ಅಪ್ಪ ಮುಂದೆ.”

“ನಾನು ಸೈಕಲ್ಲಲ್ಲಿ ಬರ್ತೀನಿ,” ಎಂದ ರೌನೊ.

“ಯಾಕೆ? ನಾನು ಹುಟ್ಟಿದಾಗಿಂದ ನೀನು ಆ ಕಾರಿನ ಮುಂದಿನ ಸೀಟಲ್ಲಿ ಕೂತಿದ್ದು ನೋಡೇ ಇಲ್ಲ.”

“ಕೂತ್ರೆ ಇನ್ನೊಂದು ಬಿರುಕು ಬಿಟ್ಟೀತು ಅಂತ ಹೆದರಿಕೆ ನಿಮ್ಮಪ್ಪಂಗೆ,” ಎಂದು ಔಲಿಸ್ ತನ್ನ ಮಾತಿಗೆ ತಾನೇ ನಕ್ಕ.

ರೌನೊ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ತೊಳೆಯಲು ಹೋದ. ಅವನು ಊರಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ. ಮುನ್ನೂರು ಮಕ್ಕಳಿಗೆ ಸಾರು ಮಾಡಬಲ್ಲವನು ಗೋಡೆಗೊಂದು ಮೊಳೆ ಮಾತ್ರ ಹೊಡೆಯುತ್ತಿರಲಿಲ್ಲ. ಮೂವತ್ತೊಂದು ವರ್ಷ ಕಾರು ಕಾರ್ಖಾನೆಯಲ್ಲಿ ದುಡಿದ ಔಲಿಸನಿಗೆ ಇದು ನುಂಗಲಾರದ ತುತ್ತು. ಸುತ್ತಿಗೆ ಹಿಡಿದವನ ಮಗ ಸೌಟು ಹಿಡಿದ ಎಂದು ನೆಂಟರೆದುರು ಆಡಿಕೊಳ್ಳುತ್ತಿದ್ದ. ರೌನೊ ಒಮ್ಮೆಯೂ ತಿರುಗಿ ಮಾತಾಡಿದವನಲ್ಲ.

“ಅಷ್ಟು ಆಸೆ ಇದ್ರೆ ಡ್ಯಾಶ್‌ಬೋರ್ಡ್ ಸರಿ ಮಾಡ್ತೀನಿ. ಬಿರುಕು ಇಟ್ಕೊಂಡು ಮೆರವಣಿಗೆ ಹೋಗೋಕಾಗುತ್ತಾ?” ಎಂದು ಔಲಿಸ್ ಮೊಮ್ಮಗಳಿಗೆ ಹೇಳಿದ.

ಹಳೆಯ ಪ್ಲಾಸ್ಟಿಕ್ಕು ಮುದುಕರ ಮೂಳೆಯ ಹಾಗೆ. ಚಳಿಯಲ್ಲಿ ಮುಟ್ಟಿದರೆ ಮುರಿಯುತ್ತದೆ. ಕಾರು ನಿಲ್ಲಿಸುವ ಶೆಡ್ಡಿನೊಳಗೆ ಇನ್ನೂ ಶೂನ್ಯಕ್ಕಿಂತ ಕೆಳಗಿನ ಚಳಿ. ಔಲಿಸ್ ಬಿಸಿನೀರು ತುಂಬಿದ ರಬ್ಬರ್ ಚೀಲವನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಕಾಲು ಗಂಟೆ ಕಾದು, ಒಂದೊಂದೇ ಕೊಕ್ಕೆಯನ್ನು ಮರದ ಚಮಚದ ಹಿಡಿಯಿಂದ ಎಬ್ಬಿಸುತ್ತಿದ್ದ. ಲೋಹದ ಉಪಕರಣ ಹತ್ತಿರ ತರುವಂತಿಲ್ಲ. ಒಂದು ಕೊಕ್ಕೆಗೆ ಒಂದು ಚೀಲ ಬಿಸಿನೀರು. ಹನ್ನೊಂದು ಕೊಕ್ಕೆ.

“ನನ್ನ ಬೆನ್ನಿಗಿಡೋ ಚೀಲ ಎಲ್ಲಿ?” ಎಂದು ಹಿಲ್ಕಾ ಬಾಗಿಲಿನಿಂದ ಕೂಗಿದಳು.

“ಕಾರಿನ ಹತ್ರ ಇದೆ.”

“ಅದಕ್ಕೂ ಬೆನ್ನು ನೋವಾ?”

ಎರಡನೆಯ ವಾರ ಡ್ಯಾಶ್‌ಬೋರ್ಡಿನ ಮೇಲ್ಹೊದಿಕೆ ಇಡಿಯಾಗಿ ಕೈಗೆ ಬಂತು. ಒಂದು ಕೊಕ್ಕೆಯೂ ಮುರಿದಿರಲಿಲ್ಲ. ಔಲಿಸ್ ಹಿಗ್ಗಿನಿಂದ ಅದನ್ನು ಮೇಜಿನ ಮೇಲೆ ಬೋರಲಾಗಿಟ್ಟು, ದೀಪ ಹತ್ತಿರ ಎಳೆದು, ಕನ್ನಡಕ ಏರಿಸಿದ.

ಬಿರುಕು ಶುರುವಾಗುವಲ್ಲಿ, ಒಳಮೈಯಲ್ಲಿ, ಒಂದು ದುಂಡನೆಯ ಗುರುತಿತ್ತು. ಏನೋ ಒಂದು ಕೆಳಗಿನಿಂದ ವರ್ಷಗಟ್ಟಲೆ ಒತ್ತಿ ಅಲ್ಲಿ ಪ್ಲಾಸ್ಟಿಕ್ಕು ಬೆಳ್ಳಗೆ ಉಬ್ಬಿತ್ತು. ಔಲಿಸ್ ಕಾರಿನೊಳಗೆ ಬಗ್ಗಿ ನೋಡಿದ. ಆ ಗುರುತಿನ ನೇರಕ್ಕೆ, ರೇಡಿಯೊ ಕೂರಿಸಿದ ಪಟ್ಟಿಯಿಂದ, ಸ್ಕ್ರೂ ಒಂದರ ಮೊನೆ ಬೆರಳಗಲ ಮೇಲಕ್ಕೆ ಚಾಚಿಕೊಂಡಿತ್ತು.

ಬಿಚ್ಚಿ ಅಂಗೈಯಲ್ಲಿಟ್ಟುಕೊಂಡ. ಅಳತೆಪಟ್ಟಿ ಬೇಕಾಗಲಿಲ್ಲ. ಇಪ್ಪತ್ತೈದು ಮಿಲಿಮೀಟರು. ಕಾರಿನ ಬಾಗಿಲಿಗೆ ಹಾಕುವ ಸ್ಕ್ರೂ. ಆ ಪಟ್ಟಿಗೆ ಹಾಕಬೇಕಾದದ್ದು ಹನ್ನೆರಡರದ್ದು.

ಆ ಕಾಲಕ್ಕೆ ಕಾರ್ಖಾನೆಯವರ ಮನೆಯಲ್ಲಿ ಅಡುಗೆಮನೆಯ ಕಿಟಕಿಯ ಮೇಲೊಂದು ಗಾಜಿನ ಭರಣಿ ಇರುತ್ತಿತ್ತು. ಸಂಜೆ ಗಂಡಂದಿರು ಬಂದರೆ ಹೆಂಡಂದಿರು ಮೇಲಂಗಿಯ ಜೇಬು ಕೊಡವಿ, ಬಿದ್ದ ಸ್ಕ್ರೂಗಳನ್ನು ಅದಕ್ಕೆ ಹಾಕುತ್ತಿದ್ದರು. ಕಳ್ಳತನ ಎಂದು ಯಾರೂ ಅನ್ನುತ್ತಿರಲಿಲ್ಲ. ಜೇಬಿನಲ್ಲಿ ಉಳಿದದ್ದು ಮನೆಗೆ ಬಂತು, ಅಷ್ಟೇ. ಎಪ್ಪತ್ತೆಂಟರ ಕ್ರಿಸ್ಮಸ್‌ಗೆ ಹೊಸ ರೇಡಿಯೊ ತಂದಾಗ ಔಲಿಸ್ ಆ ಭರಣಿಯಿಂದ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡಿದ್ದ. ಆ ವರ್ಷ ಅವನು ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುವ ಸಾಲಿನಲ್ಲಿ ಕೆಲಸಕ್ಕಿದ್ದ. ಚಳಿಗೆ ಕುಗ್ಗಿ, ಬಿಸಿಲಿಗೆ ಹಿಗ್ಗಿ, ಆರು ತಿಂಗಳು ಆ ಸ್ಕ್ರೂವಿನ ಮೇಲೆ ಎಳೆದಾಡಿದ ಪ್ಲಾಸ್ಟಿಕ್ಕು ಜೂನ್ ತಿಂಗಳ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಬಡಿಗೆಯ ಏಟಾದರೆ ಮೇಲಿನಿಂದ ಒಡೆಯಬೇಕು. ಇದು ಕೆಳಗಿನಿಂದ ಒಡೆದಿತ್ತು.

ಔಲಿಸ್ ಬಣ್ಣದ ಡಬ್ಬಿಯ ಮೇಲೆ ಕೂತ. ಆ ಹಬ್ಬದ ದಿನ ಬಿರುಕು ಕಂಡದ್ದು, ಹಿಂದಿನ ಸೀಟಿನಲ್ಲಿ ಮಗನ ಬಡಿಗೆ ಸಿಕ್ಕಿದ್ದು, ಅಂಗಳದಲ್ಲಿ ಹದಿನೈದು ಜನ ನೆಂಟರ ಮುಂದೆ ಹುಡುಗನ ಎಡಗಿವಿ ಹಿಡಿದು ಕಾರಿನವರೆಗೆ ಎಳೆದು ತಂದದ್ದು ಎಲ್ಲ ನೆನಪಾಯಿತು. “ನಾನಲ್ಲ ಅಪ್ಪ,” ಎಂದಿತ್ತು ಮಗು. ಒಪ್ಪಿಕೊಳ್ಳುವವರೆಗೆ ಹೊರಗೆ ಬರಬೇಡ ಎಂದು ಆವಿಸ್ನಾನದ ಸೌನಾ ಮನೆಯ ಮುಂದಿನ ಬಟ್ಟೆಕೋಣೆಯಲ್ಲಿ ಕೂರಿಸಿದ್ದ. ಸಂಜೆ ಸಮುದ್ರದಂಡೆಯಲ್ಲಿ ಹಬ್ಬದ ಬೆಂಕಿ ಹಚ್ಚುವ ಹೊತ್ತಾಯಿತು. ಉಳಿದ ಮಕ್ಕಳೆಲ್ಲ ಓಡಿದರು. ಆಗ ರೌನೊ ಬಾಗಿಲು ತಟ್ಟಿ, “ನಾನೇ ಒಡೆದಿದ್ದು, ಬೆಂಕಿ ನೋಡೋಕೆ ಬಿಡು,” ಎಂದಿದ್ದ. ಸತ್ಯ ಹೇಳಿಸಿದೆ ಎಂದು ಔಲಿಸ್ ಆ ರಾತ್ರಿ ಎಲ್ಲರೆದುರು ಎದೆಯುಬ್ಬಿಸಿದ್ದ.

ಸ್ಕ್ರೂವನ್ನು ಮೇಲಂಗಿಯ ಜೇಬಿಗೆ ಹಾಕಿಕೊಂಡು ಶೆಡ್ಡಿನ ದೀಪ ಆರಿಸಿದ. ಊಟಕ್ಕೆ ಕೂತಾಗ ಯಾರಿಗೂ ಏನೂ ಹೇಳಲಿಲ್ಲ.

ಅಲ್ಲಿಂದ ಮುಂದೆ ರಿಪೇರಿಗೆ ಎಲ್ಲಿಲ್ಲದ ಅವಸರ ಬಂತು. ಬಿರುಕನ್ನು ಕೊರೆದು ಅಗಲಿಸಿ, ಮೆತ್ತನೆಯ ಅಂಟನ್ನು ತೆಳುವಾಗಿ ತುಂಬಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಒಣಗಲು ನಲವತ್ತು ಡಿಗ್ರಿ ಹದವಾದ ಶಾಖ ಬೇಕು. ಅಂಥ ಶಾಖ ಸಿಗುವುದು ಸೌನಾದಲ್ಲಿ, ಅದೂ ಜನ ಮಿಂದು ಹೊರಬಂದ ಮೇಲೆ. ಹೀಗಾಗಿ ಶನಿವಾರದ ಸೌನಾಕ್ಕೆ ಸರದಿಯಲ್ಲಿ ಇನ್ನೊಬ್ಬರು ಸೇರಿಕೊಂಡರು.

“ಹಿಲ್ಕಾ, ಇನ್ನೂ ಎಷ್ಟೊತ್ತು? ಕಾಯ್ತಾ ಇದೆ.”

“ಯಾರು?”

“ಡ್ಯಾಶ್‌ಬೋರ್ಡು.”

“ಕೇಳಿದ್ಯಾ ಸೈಮಿ,” ಎಂದಳು ಹಿಲ್ಕಾ ಒಳಗಿನಿಂದ. “ಐವತ್ತು ವರ್ಷದಲ್ಲಿ ನಂಗೊಂದು ದಿನ ಬೆನ್ನುಜ್ಜಿದೋನಲ್ಲ. ಅದಕ್ಕೆ ಸ್ನಾನ ಮಾಡಿಸ್ತಾನಂತೆ.”

“ನಿನಗೂ ಬಿರುಕು ಬಿಟ್ರೆ ಮಾಡಿಸ್ತಾನೆ ಬಿಡಜ್ಜಿ.”

“ಬಿಟ್ಟಿದೆ ಕಣೆ. ಅವನಿಗೆ ಕಾಣಲ್ಲ.”

ಏಪ್ರಿಲ್‌ನಲ್ಲಿ ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿತು. ರೌನೊ ಅದರ ಕೆಳಗೊಂದು ಬೋಗುಣಿ ಇಟ್ಟು, ನಲ್ಲಿಯವನಿಗೆ ಫೋನು ಮಾಡಿದ.

“ವಾಷರ್ ಬದಲಾಯಿಸೋಕೆ ಎಪ್ಪತ್ತು ಯೂರೋನಾ? ಒಂದು ಸ್ಕ್ರೂ ತಿರುಗಿಸೋಕೆ…” ಎಂದು ಶುರುಮಾಡಿದ ಔಲಿಸ್ ಅಲ್ಲಿಗೇ ನಿಲ್ಲಿಸಿದ. ಕೈ ತಾನಾಗಿ ಜೇಬಿಗೆ ಹೋಗಿತ್ತು.

“ನಾನು ಮುಟ್ಟಿದ್ರೆ ಪೂರ್ತಿ ಹೋಗುತ್ತಪ್ಪ,” ಎಂದ ರೌನೊ ಸಮಾಧಾನವಾಗಿ. “ದುಡ್ಡು ನಾನು ಕೊಡ್ತೀನಿ.”

ಹಿಲ್ಕಾ ಗಂಡನ ಮುಖವನ್ನೇ ನೋಡಿದಳು. ಬೈಗುಳ ಅರ್ಧಕ್ಕೆ ನಿಂತದ್ದನ್ನು ಅವಳು ಆ ಮನೆಯಲ್ಲಿ ಕಂಡದ್ದು ಅದೇ ಮೊದಲು.

ಮರುವಾರ ಬಟ್ಟೆ ಒಗೆಯುವ ಯಂತ್ರ ಕಟಕಟ ಎಂದಿತು. ಹಿಲ್ಕಾ ಅದನ್ನು ನಿಲ್ಲಿಸಿ, ಕೈ ಹಾಕಿ, ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳಿನ್ನೂ ಬಾಯಿ ತೆರೆದಿರಲಿಲ್ಲ, ಔಲಿಸ್ ಹೇಳಿದ:

“ಅದು ಬೇರೆ ಕೆಲಸದ್ದು.”

“ಯಾವ ಕೆಲಸ ಅಂತ ನಾನು ಕೇಳಿದ್ನಾ? ಒಂದು ತಿಂಗಳಿಂದ ಜೇಬಿಂದ ಜೇಬಿಗೆ ಹಾಕ್ಕೊಂಡು ತಿರುಗ್ತಿದ್ದೀಯ.”

ಔಲಿಸ್ ಅವಳೆದುರು ಕೂತು ಎಲ್ಲ ಹೇಳಿದ. ಹಿಲ್ಕಾ ಕಾಫಿ ಬಗ್ಗಿಸಿದಳು. ಕುಡಿಯಲಿಲ್ಲ.

“ಅವನು ಆವತ್ತು ಬೆಳಿಗ್ಗೆಯಿಂದ ನನ್ನ ಹತ್ರಾನೇ ಇದ್ದ,” ಎಂದಳು. “ಇಲ್ಲೇ, ಈ ಬೆಂಚಿನ ಮೇಲೆ. ಹೊಸ ಆಲೂಗಡ್ಡೆ ಸಿಪ್ಪೆ ಕೆರೀತಿದ್ದ. ಒಂದು ಬಕೆಟ್ ಪೂರ್ತಿ. ಕಾರಿನ ಹತ್ರ ಹೋಗೇ ಇರ್ಲಿಲ್ಲ.”

“ಮತ್ತೆ ಹೇಳ್ಲಿಲ್ವಲ್ಲೇ ನೀನು.”

“ಅಷ್ಟು ಜನ ಇದ್ರು. ನಿಮ್ಮಮ್ಮ ಇದ್ಲು. ನೀನು ಕೂಗಾಡ್ತಿದ್ದೆ. ಹಬ್ಬ ಕೆಡೋದು ಬೇಡ, ನಾಳೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಅವನೇ ಒಪ್ಕೊಂಡ. ಹಿಂದಿನ ದಿನಾನೇ ಮಾಡಿರಬೇಕು ಅಂತ ನಾನೂ ಸುಮ್ಮನಾದೆ.” ಅವಳು ಸ್ಕ್ರೂವನ್ನು ಗಂಡನ ಕಡೆ ತಳ್ಳಿದಳು. “ಇವತ್ತೇ ಹೇಳು.”

“ಹೇಳ್ತೀನಿ.”

“ಇವತ್ತು.”

“ಹೇಳ್ತೀನಿ ಅಂದ್ನಲ್ಲ.”

ಹೇಳಲಿಲ್ಲ. ಆ ದಿನ ರೌನೊ ತಡವಾಗಿ ಬಂದ. ಮರುದಿನ ಸೈಮಿಗೆ ಪರೀಕ್ಷೆ. ಅದರ ಮರುದಿನ ಏನೂ ಕಾರಣವಿರಲಿಲ್ಲ, ಆದರೂ ಹೇಳಲಿಲ್ಲ. ಎಪ್ಪತ್ತೈದು ವರ್ಷದ ಮುದುಕ ತನ್ನ ಮಗನ ಹೆಜ್ಜೆ ಸದ್ದು ಕೇಳಿದರೆ ಶೆಡ್ಡಿಗೆ ಹೋಗುತ್ತಿದ್ದ. ಹಿಲ್ಕಾ ಅವನಿಗೆ ತಟ್ಟೆ ಇಡುವಾಗ ಸದ್ದು ಜೋರಾಗಿ ಬರುತ್ತಿತ್ತು.

ಮೇ ತಿಂಗಳ ಶನಿವಾರವೊಂದರಲ್ಲಿ ಅಪ್ಪ ಮಗ ಇಬ್ಬರೇ ಸೌನಾದಲ್ಲಿ ಕೂತರು. ಮೈಮೇಲೆ ಬಟ್ಟೆಯಿಲ್ಲದ ಕಡೆ ಸುಳ್ಳಿಗೂ ಜಾಗವಿಲ್ಲ ಎಂದು ಔಲಿಸನ ಅಪ್ಪ ಹೇಳುತ್ತಿದ್ದುದುಂಟು. ಔಲಿಸ್ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರೆರೆದ. ಆವಿ ಎದ್ದಿತು.

“ಡ್ಯಾಶ್‌ಬೋರ್ಡು ಮುಗೀತಾ ಬಂತು,” ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು.

“ನೋಡಿದೆ. ಬಿರುಕು ಗೊತ್ತೇ ಆಗಲ್ಲ. ಒಳ್ಳೆ ಕೆಲಸ ಮಾಡಿದ್ದೀಯ.”

“ಆ ಬಿರುಕಿನ ವಿಷಯ…”

“ಅಪ್ಪ, ಅಂಟು ಗಿಂಟು ಅಂತ ಎಷ್ಟಾಯ್ತು ಹೇಳು. ನಾನು ಕೊಡ್ಬೇಕು. ಒಡೆದಿದ್ದು ನಾನಲ್ವಾ?” ರೌನೊ ಮೊಣಕಾಲಿನ ಮೇಲೆ ಕೈಯೂರಿ ಕೆಳಗೆ ನೋಡುತ್ತಿದ್ದ. “ಈಗಲೂ ಕಣ್ಮುಂದೆ ಬರುತ್ತೆ. ಬಡಿಗೆ ಎತ್ತಿದ್ದು, ಟಕ್ ಅಂದಿದ್ದು, ಕೈ ಜುಮ್ ಅಂದಿದ್ದು. ಯಾಕೆ ಹೊಡೆದೆ ಅಂತ ಮಾತ್ರ ಎಷ್ಟು ಯೋಚಿಸಿದ್ರೂ ಗೊತ್ತಾಗಲ್ಲ. ಅಂಥ ಹುಡುಗನೂ ಆಗಿರ್ಲಿಲ್ಲ ನಾನು. ಆದ್ರೂ ಮಾಡಿದೆ. ಅವತ್ತಿಂದ ಏನಾದ್ರೂ ನಾಜೂಕಾಗಿರೋದು ಕಂಡ್ರೆ ಕೈ ಹಿಂದಕ್ಕೆ ಹೋಗುತ್ತೆ. ಸೈಮಿ ಹುಟ್ಟಿದಾಗ ಒಂದು ತಿಂಗಳು ಎತ್ಕೊಳ್ಳಲಿಲ್ಲ, ಗೊತ್ತಾ?”

ಔಲಿಸ್ ಸೌಟನ್ನು ಕೆಳಗಿಟ್ಟ. ಮಗ ಒಂದು ಸುಳ್ಳನ್ನು ಒಪ್ಪಿಕೊಂಡಿದ್ದಾನೆ ಎಂದಷ್ಟೇ ಅವನು ತಿಳಿದಿದ್ದ. ಮಗ ಅದನ್ನು ನಿಜವೆಂದೇ ನಂಬಿಕೊಂಡಿದ್ದ. ಈಗ ಹೇಳಬೇಕಾದದ್ದು ಮೊದಲಿಗಿಂತ ದೊಡ್ಡದಾಯಿತು, ಹೇಳುವ ಧೈರ್ಯ ಮೊದಲಿಗಿಂತ ಸಣ್ಣದಾಯಿತು.

“ಏನೂ ಖರ್ಚಾಗಿಲ್ಲ,” ಎಂದು ಎದ್ದು ಹೊರಬಂದ. ಇವತ್ತೂ ಹೇಳಲಿಲ್ಲವೆಂದು ತಿಳಿದು ಹಿಲ್ಕಾ ಆ ರಾತ್ರಿ ಅವನಿಗೆ ಬೆನ್ನು ಮಾಡಿ ಮಲಗಿದಳು. ಅವನಿಗೂ ತನ್ನ ಮೇಲೆ ಹೇಸಿಗೆಯಾಗಿತ್ತು.

ಜೂನ್ ಮೊದಲ ಶನಿವಾರ ಸೈಮಿಗೆ ಬಿಳಿ ಟೋಪಿ ಬಂತು. ಹಸಿರು ಸಾಬ್ ತೊಳೆದು ಒರೆಸಿಕೊಂಡು ಶಾಲೆಗೆ ಹೋಯಿತು. ಮುಂದಿನ ಸೀಟಿನಲ್ಲಿ ಹಿಲ್ಕಾ ಕೂತಳು. ರೌನೊ ಕೊನೆಗೂ ಹತ್ತಿದ, ಆದರೆ ಹಿಂದೆ, ಮೊಣಕಾಲಿನ ಮೇಲೆ ಗುಲಾಬಿ ಇಟ್ಟುಕೊಂಡು. ಮಧ್ಯಾಹ್ನ ಅಂಗಳದಲ್ಲಿ ಮೇಜು ಹಾಕಿ, ರೌನೊ ತಾನೇ ಮಾಡಿದ ಬ್ರೆಡ್ಡಿನ ನಡುವೆ ಮೀನು ತುಂಬಿದ ಕೇಕು, ಏಲಕ್ಕಿ ಬನ್ನು, ಕಾಫಿ ಇಟ್ಟರು. ನೆಂಟರು ಇಪ್ಪತ್ತು ಜನ. ಹಿಲ್ಕಾಳ ತಮ್ಮ ತೈಸ್ತೊ ಪದ್ಧತಿಯಂತೆ ಮೊದಲು ಕಾರಿನ ಕಿಟಕಿಯಲ್ಲಿ ತಲೆ ತೂರಿಸಿದ.

“ಎಲ್ಲೋ ರೌನೊ, ನಿನ್ನ ಬಿರುಕು? ಮುಚ್ಚಿಹಾಕಿಸಿಬಿಟ್ಯಾ?”

ಎಲ್ಲರೂ ನಕ್ಕರು. ಕಾಫಿ ಹೂಜಿ ಹಿಡಿದು ನಿಂತಿದ್ದ ರೌನೊ ಕೂಡ ಎಂದಿನಂತೆ ನಕ್ಕ. ಮೂವತ್ತೆಂಟು ವರ್ಷ ಆ ನಗುವನ್ನು ನೋಡಿಕೊಂಡೇ ಬಂದಿದ್ದ ಔಲಿಸನಿಗೆ ಇವತ್ತು ನೋಡಲಾಗಲಿಲ್ಲ. ಮೇಜಿಗೆ ಕೈಯೂರಿ ಎದ್ದು ನಿಂತ.

“ಅದು ರೌನೊನ ಬಿರುಕಲ್ಲ,” ಎಂದ. “ನಂದು.”

ಜೇಬಿನಿಂದ ಸ್ಕ್ರೂ ತೆಗೆದು ಬನ್ನಿನ ತಟ್ಟೆಯ ಪಕ್ಕದಲ್ಲಿಟ್ಟ. “ರೇಡಿಯೊ ಹಾಕುವಾಗ ಇದನ್ನ ಹಾಕಿದ್ದೆ. ಅಳತೆ ತಪ್ಪು. ಇದು ಕೆಳಗಿಂದ ಒಡೆದಿದ್ದು. ಹುಡುಗ ಮುಟ್ಟೇ ಇರ್ಲಿಲ್ಲ. ನಾನು ಎಲ್ಲರ ಮುಂದೆ ಕಿವಿ ಹಿಡಿದು ಎಳೆದೆ, ಅದಕ್ಕೇ ಎಲ್ಲರ ಮುಂದೆ ಹೇಳ್ತಿದ್ದೀನಿ. ಮಾರ್ಚ್‌ನಲ್ಲೇ ಗೊತ್ತಾಗಿತ್ತು. ಹೇಳೋಕೆ ಆಗ್ಲಿಲ್ಲ.”

“ಅವನು ಆವತ್ತು ನನ್ನ ಜೊತೆ ಅಡುಗೆಮನೇಲಿದ್ದ,” ಎಂದಳು ಹಿಲ್ಕಾ ಕೂತಲ್ಲಿಂದಲೇ. “ನನಗೆ ಗೊತ್ತಿತ್ತು.”

ತೈಸ್ತೊ ಕಿಟಕಿಯಿಂದ ತಲೆ ಹೊರಗೆಳೆದುಕೊಂಡ. ಸೈಮಿ ಅಪ್ಪನನ್ನು ನೋಡಿದಳು. ರೌನೊ ಸ್ಕ್ರೂವನ್ನು ನೋಡಿದ, ಅಮ್ಮನನ್ನು ನೋಡಿದ.

“ಆಲೂಗಡ್ಡೆ,” ಎಂದ ಮೆಲ್ಲಗೆ. ಆಮೇಲೆ “ಕಾಫಿ ಯಾರಿಗೆ ಬೇಕು?” ಎಂದು ಮುಂದಿನ ಬಟ್ಟಲಿಗೆ ಬಗ್ಗಿಸತೊಡಗಿದ.

ಸಂಜೆ ಎಲ್ಲರೂ ಹೋದಮೇಲೆ, ಹಗಲಿನಷ್ಟೇ ಬೆಳಕಿರುವಾಗ, ರೌನೊ ಪಾತ್ರೆಯೆಲ್ಲ ತೊಳೆದು ಮುಗಿಸಿ ಶೆಡ್ಡಿನ ಕಡೆ ಬಂದ. ಔಲಿಸ್ ಕಾರಿನಲ್ಲಿ ಚಾಲಕನ ಜಾಗದಲ್ಲಿ ಕೂತಿದ್ದ. ರೌನೊ ಒಂದು ಗಳಿಗೆ ನಿಂತು, ಆಮೇಲೆ ಇನ್ನೊಂದು ಬಾಗಿಲು ತೆರೆದು ಮುಂದಿನ ಸೀಟಿನಲ್ಲಿ ಕೂತ.

“ಮೂರು ತಿಂಗಳು ಇಟ್ಕೊಂಡಿದ್ಯಲ್ಲಪ್ಪ.”

“ಹೂಂ.”

“ಕೈ ಜುಮ್ ಅಂದಿದ್ದು ನೆನಪಿದೆ ನಂಗೆ. ಅದನ್ನ ಈಗ ಏನು ಮಾಡ್ಲಿ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಕೊಡಬೇಕೆನಿಸಿತು ಔಲಿಸನಿಗೆ. ಬಿಡಿಭಾಗಗಳ ಡಬ್ಬಿಯಿಂದ ಒಂದು ಕರಿಯ ಗುಂಡಿ ತೆಗೆದ. ಕಾರಿನೊಳಗಿನ ಶಾಖ ಹೆಚ್ಚುಕಡಿಮೆ ಮಾಡುವ ಸರಳಿನ ತುದಿಗೆ ಕೂರಿಸುವ ಗುಂಡಿ. ಕಾರಿನ ಜೊತೆ ಬಂದದ್ದು, ಅಂಥದು ಈಗ ಎಲ್ಲೂ ಸಿಗದು. ಇಡೀ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಲು ಉಳಿದದ್ದು ಅದೊಂದೇ.

“ಇದನ್ನ ನೀನು ಹಾಕು.”

“ಬೇಡಪ್ಪ. ಮುರಿದುಬಿಡ್ತೀನಿ.”

“ನಿನ್ನ ಕೈಯಿಂದ ಏನೂ ಮುರಿದಿಲ್ಲ ಅಂತ ಇವತ್ತು ಇಪ್ಪತ್ತು ಜನರ ಮುಂದೆ ಹೇಳಿದ್ನಲ್ಲೋ. ನೇರ ಒತ್ತು ಸಾಕು. ತಾನೇ ಕೂರುತ್ತೆ.”

ರೌನೊ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದ. ಒಂದು ಗಂಟೆ ತಣ್ಣೀರಿನಲ್ಲಿ ಬಟ್ಟಲು ತೊಳೆದ ಬೆರಳುಗಳು ಕೆಂಪಾಗಿದ್ದವು. ಸರಳಿನ ತುದಿಗಿಟ್ಟು, ಉಸಿರು ಹಿಡಿದು, ಒತ್ತಿದ.

ಟಕ್ ಎಂದಿತು.

ಗುಂಡಿ ಎರಡಾಗಿ ಒಂದು ಚೂರು ಕೆಳಗೆ ಉರುಳಿತು. ಒತ್ತುವ ಮೊದಲು ಅದನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ಮೂರು ತಿಂಗಳಿಂದ ಪ್ರತಿಯೊಂದು ಬಿಡಿಭಾಗಕ್ಕೂ ಔಲಿಸ್ ಮಾಡಿದ್ದು ಅದನ್ನೇ. ಮಗನಿಗೆ ಹೇಳಲು ಮರೆತಿದ್ದ.

“ರೌನೊ, ತಪ್ಪು ನಂದು,” ಎನ್ನಲು ತಿರುಗಿದ.

ನಲವತ್ತೇಳು ವರ್ಷದ ಮಗ ಬಾಗಿಲಿಗೆ ಒತ್ತಿಕೊಂಡು ಕೂತಿದ್ದ. ಅವನ ಕೈ ಎಡಗಿವಿಯನ್ನು ಮುಚ್ಚಿಕೊಂಡಿತ್ತು.

ಔಲಿಸ್ ಬಗ್ಗಿ ಸೀಟಿನ ಕೆಳಗೆ ಚೂರು ಹುಡುಕಿದ. ಅದು ಬೇಗನೆ ಸಿಕ್ಕಿತು. ಆದರೂ ಅವನು ಬಹಳ ಹೊತ್ತು ತಲೆ ಎತ್ತಲಿಲ್ಲ.